ಅತಿಥಿಯ ಬುಟ್ಟಿ

ಹದಿನಾಲ್ಕನೇ ಬುಟ್ಟಿಯ ಮೀನನ್ನು ಅಳತೆಪಟ್ಟಿಯ ಮೇಲೆ ಮಲಗಿಸಿದ ದಲಂದಾಳ ಕೈ ಅಲ್ಲಿಗೇ ನಿಂತಿತು. ಮೀನಿನ ಕಿವಿರಿನ ಹಿಂದೆ, ಮೈಸುತ್ತ, ನೂಲು ಬಿಗಿದ ಹಾಗೆ ಒಂದು ಗೆರೆ. ಗೆರೆಯ ಉದ್ದಕ್ಕೂ ಹುರುಪೆ ಕಿತ್ತುಹೋಗಿತ್ತು. ಬಲೆಗೆ ಸಿಕ್ಕಿ ಒದ್ದಾಡಿದ ಮೀನಿಗೆ ಬೀಳುವ ಗೆರೆ ಅದು. ಖರ್ಜೂರದ ಕಡ್ಡಿಯಲ್ಲಿ ಹೆಣೆದ ಬುಟ್ಟಿಯೊಳಕ್ಕೆ ತಾನಾಗಿ ಈಜಿ ಬಂದ ಮೀನಿಗೆ ಅದು ಬೀಳುವ ಮಾತೇ ಇಲ್ಲ.

ದೋಣಿಯ ಹಿಂತುದಿಯಲ್ಲಿ ಗಳ ಊರಿಕೊಂಡು ನಿಂತಿದ್ದ ಮೀನುಗಾರ ಖ್ಲೀಫಾ ಆಕಾಶ ನೋಡುತ್ತಿದ್ದ. ಅರವತ್ತೆಂಟು ವರ್ಷದಿಂದ ತಲೆಯ ಮೇಲೇ ಇರುವ ಆಕಾಶವನ್ನು ಅಂದೇ ಮೊದಲು ಕಂಡವನಂತೆ ನೋಡುತ್ತಿದ್ದ.

"ದೊಡ್ಡಪ್ಪ, ಈ ಮೀನು ನೋಡಿದ್ರಾ?"

"ನೋಡ್ದೆ ಡಾಕ್ಟ್ರಮ್ಮ. ಚೆನ್ನಾಗಿ ಕೊಬ್ಬಿದೆ. ಬರ್ಕೊಳ್ಳಿ."

"ಮೈಮೇಲೆ ಗೆರೆ ಇದೆ."

"ವಯಸ್ಸಾದ್ಮೇಲೆ ಎಲ್ಲರಿಗೂ ಗೆರೆ ಬೀಳತ್ತೆ. ನನ್ನ ಮುಖ ನೋಡಿ. ಬೇಗ ಬರ್ಕೊಳ್ಳಿ, ಗಾಳಿ ತಿರುಗ್ತಿದೆ."

ಗಾಳಿ ತಿರುಗಿರಲಿಲ್ಲ. ಬೆಳಿಗ್ಗೆಯಿಂದ ಪೂರ್ವದಿಂದಲೇ ಬೀಸುತ್ತಿತ್ತು. ಉಳಿದ ಬುಟ್ಟಿಗಳ ಪ್ರತಿ ಮೀನನ್ನೂ ದಲಂದಾ ತಿರುಗಿಸಿ ತಿರುಗಿಸಿ ನೋಡಿದಳು. ಆರು ಬುಟ್ಟಿಗಳಲ್ಲಿ ಮೂವತ್ತೊಂದು ಮೀನು. ಇಪ್ಪತ್ತೆರಡರ ಮೈಮೇಲೆ ಅದೇ ಗೆರೆ. ಮೊದಲ ಹದಿಮೂರು ಬುಟ್ಟಿಯವನ್ನು ಅಳೆದು ಆಗಲೇ ನೀರಿಗೆ ಬಿಟ್ಟಾಗಿತ್ತು. ಅವನ್ನು ಹೀಗೆ ನೋಡಬೇಕೆಂದು ಹೊಳೆದಿರಲೇ ಇಲ್ಲ. ಅದೂ ಇವತ್ತು, ಮಂಗಳವಾರ, ಗುರುವಾರ ಈ ಎಣಿಕೆ ನೋಡಿ ತೀರ್ಮಾನಿಸುವ ಸರ್ಕಾರಿ ಸಮಿತಿ ಸೇರುವುದಿದ್ದಾಗ.

ಈ ದಲಂದಾ ಕಡಲಿನವಳಲ್ಲ. ಬೆಟ್ಟದ ಮೇಲಿನ ಕೆಫ್ ಪಟ್ಟಣದವಳು. ಮೂರು ವರ್ಷದ ಹಿಂದೆ ವಿಶ್ವವಿದ್ಯಾಲಯ ಅವಳನ್ನು ಕೆರ್ಕೆನ್ನಾ ದ್ವೀಪಕ್ಕೆ ಕಳಿಸಿದಾಗ ಅವಳಿಗೆ ಈಜು ಕೂಡ ಬರುತ್ತಿರಲಿಲ್ಲ. ವಿಶ್ವವಿದ್ಯಾಲಯ ಎಣಿಸಬೇಕು, ಸರ್ಕಾರ ನಿರ್ಧರಿಸಬೇಕು ಎಂಬುದು ಒಪ್ಪಂದ. ಎಣಿಸುವವರಿಗೆ ನಿರ್ಧರಿಸುವ ಅಧಿಕಾರವಿಲ್ಲ, ನಿರ್ಧರಿಸುವವರಿಗೆ ಎಣಿಸುವ ಪುರಸೊತ್ತಿಲ್ಲ. ನಡುವೆ ಓಡಾಡುವುದು ಕಾಗದ. ಆ ಕಾಗದಕ್ಕೆ ಎರಡು ಮೊಹರು ಬಿದ್ದರೆ ದೇಶೋದ್ಧಾರವಾದಂತೆ ಎಂದು ಎರಡೂ ಕಡೆಯವರು ನಂಬಿಕೊಂಡಿದ್ದರು.

ಆದರೆ ವಿಷಯ ಸಣ್ಣದಾಗಿರಲಿಲ್ಲ. ದ್ವೀಪದವರು ತಲೆಮಾರುಗಳಿಂದ ಎದೆಮಟ್ಟದ ನೀರಿನಲ್ಲಿ ಖರ್ಜೂರದ ಗರಿ ನೆಟ್ಟು ಬೇಲಿ ಕಟ್ಟುತ್ತಾರೆ. ಉಬ್ಬರ ಇಳಿಯುವಾಗ ಮೀನು ಬೇಲಿಯ ಗುಂಟ ಸಾಗಿ ಕೊನೆಯಲ್ಲಿರುವ ಬುಟ್ಟಿಗೆ ಬೀಳುತ್ತದೆ. ಹೊಲಕ್ಕೆ ಹಕ್ಕುಪತ್ರವಿರುವಂತೆ ಇಲ್ಲಿ ಕಡಲಿಗೂ ಹಕ್ಕುಪತ್ರವಿದೆ. ಈ ತುಂಡು ನಮ್ಮಜ್ಜನದು, ಆ ತುಂಡು ನಿಮ್ಮಜ್ಜಿಯದು ಎಂದು. ಹತ್ತು ವರ್ಷದಿಂದ ಎಲ್ಲೆಲ್ಲಿಂದಲೋ ಬಂದ ದೋಣಿಗಳು ಕಬ್ಬಿಣ ಕಟ್ಟಿದ ಬಲೆ ಎಳೆದು ತಳ ಬಾಚತೊಡಗಿದ್ದವು. ಮರಿಗಳು ಅಡಗುವ ಕಡಲಹುಲ್ಲು ಬೇರುಸಹಿತ ಕಿತ್ತುಬರುತ್ತಿತ್ತು. ದ್ವೀಪದವರು ಬೊಬ್ಬೆ ಹಾಕಿದರು. ಸರ್ಕಾರ ಕೇಳಿಸಿಕೊಂಡಿತು, ಲೆಕ್ಕ ತೋರಿಸಿ ಎಂದು ವಿಶ್ವವಿದ್ಯಾಲಯಕ್ಕೆ ಬರೆಯಿತು. ಊರಿನ ಮುಂದಿನ ಎಂಟು ಕಿಲೋಮೀಟರ್ ಕಡಲಿನಲ್ಲಿ ಇಪ್ಪತ್ತು ಬುಟ್ಟಿ ಇಟ್ಟು, ಪ್ರತಿ ತಿಂಗಳು ಒಂದು ದಿನ ನೀರಲ್ಲಿ ಬಿಟ್ಟು ಎತ್ತಿ ಎಣಿಸಬೇಕು. ಮೂರು ವರ್ಷದ ಸರಾಸರಿ ಬುಟ್ಟಿಗೆ ನಾಲ್ಕಕ್ಕಿಂತ ಕೆಳಗಿದ್ದರೆ ಆ ಕಡಲು ತಳ ಬಾಚುವ ದೋಣಿಗಳಿಗೆ ಬಂದ್. ಮೇಲಿದ್ದರೆ ಮೀನು ಸುಖವಾಗಿದೆ ಎಂದರ್ಥ, ಯಾರೂ ಏನೂ ಮಾಡಬೇಕಾಗಿಲ್ಲ.

ದಲಂದಾಳ ಸರಾಸರಿ ಏಳು.

ಆ ಏಳು ಅವಳಿಗೆ ಒಂದು ದಿನವೂ ಸರಿಯಾಗಿ ನುಂಗಲು ಬಂದಿರಲಿಲ್ಲ. ಕಾಫಿ ಅಂಗಡಿಯಲ್ಲಿ ಕೂತ ಗಂಡಸರೆಲ್ಲ ಕಡಲು ಸತ್ತಿತು ಎನ್ನುತ್ತಿದ್ದರು. ಅವಳ ಬುಟ್ಟಿಯಲ್ಲಿ ಮಾತ್ರ ಮೀನು ಕುಣಿಯುತ್ತಿತ್ತು. ಇಲಾಖೆಯ ಕಡೆಯಿಂದ ಈ ಕೆಲಸ ನೋಡುವ ಲಸ್ಸಾದ್ ಪ್ರತಿ ಸಲವೂ ಫೋನಿನಲ್ಲಿ ನಗುತ್ತಿದ್ದ: "ನಿಮ್ಮ ದ್ವೀಪದವರು ಅಳೋದಕ್ಕೇ ಹುಟ್ಟಿದೋರು ಡಾಕ್ಟ್ರೇ. ಲೆಕ್ಕ ಸುಳ್ಳು ಹೇಳಲ್ಲ."

ದಡಕ್ಕೆ ಬಂದ ಮೇಲೆ ಅವಳಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹಳೆಯ ದೋಣಿಗಳ ನಡುವೆ ಮೂರು ಸಲ ಅತ್ತಿಂದಿತ್ತ ನಡೆದಳು. ನೋಟ್‌ಪುಸ್ತಕ ತೆರೆದಳು, ಮುಚ್ಚಿದಳು. ಜೇಬಿನ ಫೋನನ್ನು ಎರಡು ಸಲ ಹೊರತೆಗೆದು ಯಾರಿಗೂ ಮಾಡದೆ ಒಳಗಿಟ್ಟಳು. ಕೊನೆಗೆ ಊಟದ ಹೊತ್ತಾಯಿತೆಂದು ಖ್ಲೀಫಾನ ಮನೆಗೆ ಹೋದಳು. ಎಣಿಕೆಯ ದಿನ ಅವಳ ಊಟ ಯಾವಾಗಲೂ ಅಲ್ಲಿಯೇ.

ಖ್ಲೀಫಾನ ಹೆಂಡತಿ ತುರ್ಕಿಯಾ ಬಾರ್ಲಿ ನುಚ್ಚಿನ ಮೇಲೆ ಟೊಮೆಟೊ ಗೊಜ್ಜು ಹುಯ್ದು, ಒಣಗಿಸಿದ ಆಕ್ಟೋಪಸ್ಸಿನ ತುಂಡುಗಳಲ್ಲಿ ದೊಡ್ಡದನ್ನೆಲ್ಲ ಹುಡುಕಿ ಅತಿಥಿಯ ಕಡೆಗೆ ಸರಿಸಿದಳು. ದಲಂದಾ ಚಮಚ ಮುಟ್ಟಲಿಲ್ಲ.

"ದೊಡ್ಡಪ್ಪ, ನನ್ನ ಬುಟ್ಟೀಲಿ ಮೀನು ಹಾಕ್ತಿರೋರು ಯಾರು?"

ತುರ್ಕಿಯಾಳ ಕೈಯಲ್ಲಿದ್ದ ಸೌಟು ನಿಂತಿತು. ಖ್ಲೀಫಾ ಬ್ರೆಡ್ಡು ಮುರಿಯುವುದರಲ್ಲೇ ಮಗ್ನನಾಗಿರುವಂತೆ ನಟಿಸಿದ. ಆಮೇಲೆ, ನಟಿಸುವುದು ತನಗೆ ಬರುವುದಿಲ್ಲ ಎಂದು ಅವನಿಗೇ ಗೊತ್ತಾಯಿತು.

"ಎಲ್ಲರೂ," ಅಂದ.

"ಎಲ್ಲರೂ ಅಂದ್ರೆ?"

"ಎಲ್ಲರೂ ಅಂದ್ರೆ ಎಲ್ಲರೂ. ಸರದಿ ಮೇಲೆ. ಈ ತಿಂಗಳು ನಮ್ಮ ಬೀದಿ."

"ಯಾವಾಗಿಂದ?"

"ನೀವು ಬಂದ ಎರಡನೇ ತಿಂಗಳಿಂದ," ತುರ್ಕಿಯಾ ಹೇಳಿದಳು. "ಮೊದಲನೇ ತಿಂಗಳು ಬುಟ್ಟಿ ಎಲ್ಲಾ ಖಾಲಿ ಬಂತಲ್ಲ. ನೀವು ದೋಣೀಲಿ ಕೂತು ಅಳ್ತಿದ್ರಿ. ಇವರು ಮನೆಗೆ ಬಂದು ಊಟ ಮಾಡ್ಲಿಲ್ಲ ಅವತ್ತು."

"ನಾನು ಅಳ್ತಿರ್ಲಿಲ್ಲ ದೊಡ್ಡಮ್ಮ. ನನಗೆ ದೋಣಿ ಆಗಿಬರ್ತಿರ್ಲಿಲ್ಲ. ವಾಂತಿ ತಡ್ಕೊಂಡು ಕೂತಿದ್ದೆ."

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಮೂರು ವರ್ಷದ ಸಂಗತಿ ಒಂದು ವಾಂತಿಯ ಮೇಲೆ ನಿಂತಿತ್ತು ಎಂದು ಅರಗಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ಊರಿನಲ್ಲಿ ಹಾಗೊಂದು ಪದ್ಧತಿ. ಹೊರಗಿನವರು ತಮ್ಮ ಕಡಲಿನಲ್ಲಿ ಬುಟ್ಟಿ ಇಟ್ಟರೆ ಅದು ಖಾಲಿ ಬರಕೂಡದು. ಹೊಸ ಅಳಿಯ ಮೊದಲ ಸಲ ಬುಟ್ಟಿ ಎತ್ತುವ ಮೊದಲೇ ಮಾವನ ಮನೆಯವರು ಹೋಗಿ ಅದರಲ್ಲಿ ನಾಲ್ಕು ಮೀನು ಬಿಟ್ಟುಬರುತ್ತಾರೆ. ಅಳಿಯನಿಗೂ ಗೊತ್ತು, ಊರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಮನೆಗೆ ಬಂದವರ ಮುಂದೆ ಬರಿದಾದ ತಟ್ಟೆ ಇಡುವುದು ಹೇಗೋ ಇದೂ ಹಾಗೆ. ಅಳಿಯನಾದರೆ ಒಂದು ದಿನದ ಮಾತು. ಈ ಹುಡುಗಿ ಮೂರು ವರ್ಷ ಇಪ್ಪತ್ತು ಬುಟ್ಟಿ ಇಟ್ಟುಕೊಂಡು ಕೂತಳು.

"ಖಾಲಿ ಬುಟ್ಟಿ ಬರೆಸಿ ನಿಮ್ಮನ್ನ ಆಚೆ ದಡಕ್ಕೆ ಕಳಿಸಿದ್ರೆ ನಮ್ಮ ಮುಖ ಎಲ್ಲಿಡ್ಬೇಕಿತ್ತು?" ಖ್ಲೀಫಾ ಕೇಳಿದ.

"ಮೈಮೇಲೆ ಬಲೆ ಗೆರೆ ಹೇಗೆ ಬಂತು? ನಿಮ್ಮದು ಬೇಲಿ ಅಲ್ವಾ, ಬಲೆ ಎಲ್ಲಿಂದ ಬಂತು?"

ಅವನು ಇನ್ನೊಂದು ಬ್ರೆಡ್ಡು ಕೈಗೆತ್ತಿಕೊಂಡ. ತುರ್ಕಿಯಾ ಗೊಜ್ಜಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ದಲಂದಾ ಅವನನ್ನೇ ನೋಡುತ್ತ ಕೂತಳು. ಅವಳಿಗೆ ಸಿಟ್ಟು ಬಂದಿತ್ತು. ಇಷ್ಟು ಪ್ರೀತಿ ತೋರಿಸಿದವರ ಮೇಲೆ ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

"ಕೇಳಿ ದೊಡ್ಡಪ್ಪ. ನಾನು ಬುಟ್ಟಿ ಇಟ್ಟಿದ್ದು ಮೀನು ಹಿಡಿಯೋಕಲ್ಲ. ಇಲ್ಲ ಅಂತ ತೋರ್ಸೋಕೆ. ಬುಟ್ಟಿ ಖಾಲಿ ಬಂದಿದ್ರೆ ಆ ದೋಣಿಗಳನ್ನ ಓಡಿಸ್ತಿದ್ರು. ಈಗ ನನ್ನ ಪುಸ್ತಕದಲ್ಲಿ ಏಳೇಳು ಮೀನು ಇದೆ. ನಿಮ್ಮ ಕಡಲು ಚೆನ್ನಾಗಿದೆ ಅಂತ ನಾಡಿದ್ದು ಮೊಹರು ಒತ್ತಿ ಎದ್ದುಹೋಗ್ತಾರೆ."

ಖ್ಲೀಫಾನ ಕೈಯಲ್ಲಿದ್ದ ಬ್ರೆಡ್ಡು ಹಾಗೇ ಉಳಿಯಿತು.

"ಇದನ್ನ ನೀವು ಮೊದಲೇ ಯಾಕೆ ಹೇಳ್ಲಿಲ್ಲ?"

ಅವಳು ಹೇಳಿರಲಿಲ್ಲ. ಎಣಿಕೆಯ ಉದ್ದೇಶ ಊರಿನವರಿಗೆ ತಿಳಿದರೆ ಅವರು ಬುಟ್ಟಿಗಳಿಗೆ ಕೈ ಹಾಕಬಹುದೆಂದು ವಿಶ್ವವಿದ್ಯಾಲಯದಲ್ಲಿ ಹೇಳಿಕಳಿಸಿದ್ದರು. ಮೀನು ಕದಿಯಬಹುದೆಂದು ಹೆದರಿದ್ದರೇ ಹೊರತು, ತಂದು ಹಾಕಬಹುದೆಂಬ ಯೋಚನೆ ಆ ದೊಡ್ಡ ತಲೆಗಳಲ್ಲಿ ಒಂದಕ್ಕೂ ಬಂದಿರಲಿಲ್ಲ.

"ಅರ್ಧ ಮಾಡಿ ಬರೆದ್ಬಿಡಿ," ಖ್ಲೀಫಾ ಮೆಲ್ಲಗೆ ಹೇಳಿದ. "ಅರ್ಧ ಯಾಕೆ, ಒಂದೊಂದೇ ಅಂತ ಬರೀರಿ. ನಿಜ ಅದೇ ತಾನೆ. ಯಾರಿಗ್ ಗೊತ್ತಾಗತ್ತೆ?"

ಅವಳು ಪೆನ್ನು ತೆಗೆದದ್ದೂ ನಿಜ. ಪುಸ್ತಕ ತೆರೆದು ಆ ಏಳುಗಳನ್ನು ಬಹಳ ಹೊತ್ತು ನೋಡಿದಳು. ಒಂದು ಗೀಟು ಹಾಕಿದರೆ ಏಳು ಒಂದಾಗುತ್ತದೆ, ಎಂಟು ಕಿಲೋಮೀಟರ್ ಕಡಲು ಉಳಿಯುತ್ತದೆ. ಆದರೆ ಹಾಗೆ ಮಾಡಿದರೆ ತಾನೂ ಬುಟ್ಟಿಗೆ ಕೈ ಹಾಕಿದಂತೆಯೇ. ಮುಂದೆ ಯಾರಾದರೂ ಕೆದಕಿದರೆ ಈ ಊರಿನವರ ಒಂದು ಮಾತನ್ನೂ ಯಾರೂ ನಂಬುವುದಿಲ್ಲ. ಅವಳು ಎದ್ದು ಅಂಗಳಕ್ಕೆ ಹೋಗಿ ಲಸ್ಸಾದ್‌ಗೆ ಫೋನು ಮಾಡಿದಳು.

ಲಸ್ಸಾದ್ ಪೂರ್ತಿ ಕೇಳಿಸಿಕೊಂಡು ನಗಲಿಲ್ಲ. "ಡಾಕ್ಟ್ರೇ, ಪುಕ್ಕಟೆ ಮೀನು ತಂದು ಹಾಕೋರನ್ನ ನಾನು ಈ ಇಪ್ಪತ್ತು ವರ್ಷದ ನೌಕರೀಲಿ ಕಂಡಿಲ್ಲ. ನಿಮಗೆ ಬೇಕಾದ ಸಂಖ್ಯೆ ಬರ್ಲಿಲ್ಲ, ಊರಿನೋರನ್ನ ಕಂಡ್ರೆ ನಿಮಗೆ ಪಾಪ ಅನ್ನಿಸತ್ತೆ, ಅದಕ್ಕೆ ಈ ಕಥೆ. ಬೇಜಾರು ಮಾಡ್ಕೋಬೇಡಿ, ಸಮಿತೀಲಿ ಎಲ್ಲರೂ ಹೀಗೇ ಅಂತಾರೆ."

"ನಾಳೆ ಬನ್ನಿ ಲಸ್ಸಾದ್ ಅವ್ರೇ. ಬುಟ್ಟಿ ಮತ್ತೆ ಇಡ್ತೀನಿ. ನಿಮ್ಮ ಕಣ್ಣೆದುರಿಗೇ ಎತ್ತೋಣ."

ಅವನು ಒಂದು ನಿಟ್ಟುಸಿರು ಬಿಟ್ಟು, ಬೆಳಗಿನ ಮೊದಲ ಹಡಗಿಗೆ ಬರುತ್ತೇನೆ ಅಂದ.

ಒಳಗೆ ಬಂದಾಗ ತುರ್ಕಿಯಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ನಾಳೆ ಯಾರೂ ಬುಟ್ಟಿ ಮುಟ್ಟಬಾರದು, ಅಷ್ಟೇ ತಾನೆ? ಇವರು ಹೋಗಿ ಕಾಫಿ ಅಂಗಡೀಲಿ ಹೇಳ್ತಾರೆ. ಎಲ್ಲರೂ ಹೂಂ ಅಂತಾರೆ. ಆಮೇಲೆ ಒಬ್ಬ ಅಯ್ಯೋ ಪಾಪ ಅಂತ ಎರಡು ಮೀನು ಬಿಟ್ಟು ಬರ್ತಾನೆ. ನೀವು ಅತಿಥಿ ಆಗಿರೋ ತನಕ ಇದು ನಿಲ್ಲಲ್ಲ."

"ಮತ್ತೇನ್ ಮಾಡ್ಲಿ ದೊಡ್ಡಮ್ಮ?"

"ಮೂರು ವರ್ಷದಲ್ಲಿ ಈ ಮನೇಲಿ ಒಂದು ಲೋಟ ತೊಳೆಯೋಕೆ ಬಿಟ್ಟಿದೀವಾ ನಿಮ್ಮನ್ನ?"

"ಇಲ್ಲ."

"ಹಾಗಾದ್ರೆ ಏಳು. ಪಾತ್ರೆ ಎಲ್ಲಾ ಬಾವಿ ಹತ್ರ ಇದೆ. ತಳ ಹತ್ತಿರೋದನ್ನ ಮರಳು ಹಾಕಿ ಉಜ್ಜು. ಆಮೇಲೆ ಆ ಹರಿದ ಬುಟ್ಟಿ ನೇಯೋದು ಕಲ್ತ್ಕೋ. ಬಾಗಿಲು ತೆಗೆದೇ ಇರ್ಲಿ, ಹಾದು ಹೋಗೋರಿಗೆ ಕಾಣ್ಲಿ."

ಡಾಕ್ಟರೇಟ್ ಮಾಡಿದ ದಲಂದಾ ಬಾವಿಕಟ್ಟೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಾರ್ಲಿ ಹತ್ತಿದ ಪಾತ್ರೆ ಉಜ್ಜಿದಳು. ಹಾದುಹೋದ ಹೆಂಗಸರು ನಿಂತು ನೋಡಿದರು. ಒಬ್ಬಳು, ಪಾತ್ರೆಯ ಕಂಠದ ಮಸಿ ಸರಿಯಾಗಿ ಹೋಗಿಲ್ಲ ಎಂದು ಬೈದಳು ಕೂಡ. ಸಂಜೆಯ ಹೊತ್ತಿಗೆ, ಆ ಹುಡುಗಿ ಈಗ ತುರ್ಕಿಯಾಳ ಮನೆಯವಳು ಎಂದು ಊರಿಗೆಲ್ಲ ಗೊತ್ತಾಗಿತ್ತು. ಖ್ಲೀಫಾ ಕಾಫಿ ಅಂಗಡಿಯಿಂದ ಬಂದು, ಒಬ್ಬೊಬ್ಬರಿಂದಲೂ ಮಾತು ತೆಗೆದುಕೊಂಡಿದ್ದೇನೆ ಅಂದ. ತಾನೂ ಕೊಟ್ಟ.

ಬುಧವಾರ ಗಾಳಿ ಇನ್ನೂ ಜೋರಾಗಿತ್ತು. ಲಸ್ಸಾದ್ ಆಫೀಸಿನ ಬೂಟಿನಲ್ಲೇ ಬಂದ. ದೋಣಿಯ ನಡುವೆ ಚೀಲ ತಬ್ಬಿಕೊಂಡು ಕೂತು, ನೀರು ಸಿಡಿದಾಗಲೆಲ್ಲ ಕಾಲು ಮೇಲೆತ್ತುತ್ತಿದ್ದ. ದಲಂದಾ ಬೆಳಿಗ್ಗೆಯಿಂದ ಉಗುರು ಕಚ್ಚಿ ಕಚ್ಚಿ ಎರಡು ಬೆರಳಿನಲ್ಲಿ ರಕ್ತ ಬರಿಸಿಕೊಂಡಿದ್ದಳು.

ಮೊದಲನೇ ಬುಟ್ಟಿ ಬಂತು. ಒಳಗೆ ಕಿತ್ತ ಹುಲ್ಲು, ಒಂದು ನೀಲಿ ಏಡಿ. ಎರಡನೆಯದರಲ್ಲಿ ಹುಲ್ಲೂ ಇರಲಿಲ್ಲ. ಮೂರು, ನಾಲ್ಕು, ಐದು. ಬೆರಳುದ್ದದ ಒಂದು ಮರಿ. ಮತ್ತೆ ಖಾಲಿ. ಪ್ರತಿ ಬುಟ್ಟಿ ನೀರಿನಿಂದ ಮೇಲೇಳುವಾಗ ಖ್ಲೀಫಾ ಮುಖ ಆಚೆ ತಿರುಗಿಸುತ್ತಿದ್ದ. ಮಗಳ ಮದುವೆಯಲ್ಲಿ ಅನ್ನ ಮುಗಿದುಹೋದ ಅಪ್ಪನ ಮುಖ ಅದು. ದಲಂದಾ ಬರೆದುಕೊಳ್ಳುತ್ತಿದ್ದಳು. ಲಸ್ಸಾದ್ ಮೊದಲಿಗೆ ಏನೋ ಹಾಸ್ಯ ಮಾಡಿದ, ಹತ್ತನೇ ಬುಟ್ಟಿಯ ಹೊತ್ತಿಗೆ ಸುಮ್ಮನಾದ, ಹದಿನೈದನೆಯದಕ್ಕೆ ತಾನೇ ಬಗ್ಗಿ ಒಳಗೆ ಕೈಯಾಡಿಸಿ ನೋಡಿದ. ಹತ್ತೊಂಬತ್ತು ಬುಟ್ಟಿಗಳಿಂದ ಸಿಕ್ಕಿದ್ದು ಐದು ಮೀನು.

ಇಪ್ಪತ್ತನೆಯದು ಎತ್ತುವಾಗಲೇ ಭಾರವಾಗಿತ್ತು. ಒಳಗೆ ಅಂಗೈ ಮೀರಿದ ಎರಡು ಕೊಬ್ಬಿದ ಮೀನು, ಪಟಪಟ ಬಡಿದುಕೊಳ್ಳುತ್ತಿದ್ದವು.

ಲಸ್ಸಾದ್‌ನ ಮುಖ ಅರಳಿತು. "ನೋಡಿದ್ರಾ ಡಾಕ್ಟ್ರೇ, ಕಡಲು ಪೂರ್ತಿ ಸತ್ತಿಲ್ಲ."

ದಲಂದಾ ಒಂದು ಮೀನನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಕಿವಿರಿನ ಹಿಂದೆ ಗೆರೆ. ಇನ್ನೊಂದನ್ನು ತಿರುಗಿಸಿದಳು. ಅದರಲ್ಲೂ ಗೆರೆ. ಅವನ್ನು ಲಸ್ಸಾದ್‌ನ ಮುಂದೆ ಹಿಡಿದು, ಬೆರಳಿನಿಂದ ಗೆರೆ ತೋರಿಸಿದಳು. ಆಮೇಲೆ ಖ್ಲೀಫಾನ ಕಡೆಗೆ ತಿರುಗಿದಳು.

"ದೊಡ್ಡಪ್ಪ, ನೀವು ಮಾತು ಕೊಟ್ಟಿದ್ರಿ."

"ನಿನಗೆ ಹಾಕಲ್ಲ ಅಂತ ಕೊಟ್ಟಿದ್ದೆ," ಖ್ಲೀಫಾ ಹೇಳಿದ. "ನಿನಗೆಲ್ಲಿ ಹಾಕಿದೀನಿ? ಇವರು ನಮ್ಮೂರಿಗೆ ಬಂದಿರೋದು ಇದೇ ಮೊದಲು. ಇವರನ್ನ ಬರಿಗೈಲಿ ಕಳಿಸ್ಲಾ?"

ಲಸ್ಸಾದ್ ಆ ಎರಡು ಮೀನುಗಳನ್ನೂ, ಗಳ ಹಿಡಿದ ಮುದುಕನನ್ನೂ ನೋಡಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಕಾಣದೇ ಇದ್ದದ್ದು ಅವನ ಬೂಟಿನ ಪಕ್ಕದಲ್ಲೇ ಬಾಯಿ ಬಿಡುತ್ತ ಬಿದ್ದಿತ್ತು.

"ಇವು ಎಲ್ಲಿಯವು ಅಪ್ಪಾ?" ಅವನು ಕೇಳಿದ. ಆ ಬೆಳಿಗ್ಗೆ ಅವನು ಖ್ಲೀಫಾನನ್ನು ಮಾತಾಡಿಸಿದ್ದು ಅದೇ ಮೊದಲು.

"ನನ್ನ ತಂಗಿ ಮಗಂದು ಬಲೆ ದೋಣಿ ಇದೆ. ದ್ವೀಪದ ಆ ತುದೀಲಿ. ಅವನು ಬಹಳ ದೂರ ಹೋಗ್ತಾನೆ, ಹೊರಗಿನ ಕಡಲಿಗೆ."

"ನಿಮ್ಮ ಬೇಲೀಲಿ ಬೀಳಲ್ವಾ?"

"ದೇವರು ದೊಡ್ಡವನು."

"ಅದಲ್ಲ ನಾನು ಕೇಳಿದ್ದು. ನಿಮ್ಮ ಬೇಲೀಲಿ ಎಷ್ಟು ಬೀಳತ್ತೆ?"

ಖ್ಲೀಫಾ ಗಳವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಅವನ ಅಜ್ಜನ ಹೆಸರಿನ ಕಡಲು ಅದು. ನೀರು ಇಳಿಯುತ್ತಿತ್ತು, ಗರಿಗಳ ತುದಿ ಒಂದೊಂದಾಗಿ ಮೇಲೆ ಕಾಣುತ್ತಿತ್ತು. ಸರ್ಕಾರದ ಮನುಷ್ಯ, ಅದರಲ್ಲೂ ಅತಿಥಿ, ಎದುರಿಗೆ ಕೂತಿದ್ದ.

"ಜನವರಿಯಿಂದ ಏನೂ ಇಲ್ಲ," ಅಂದ. ಗಾಳಿಗೆ ಅದು ಸರಿಯಾಗಿ ಕೇಳಿಸಲೇ ಇಲ್ಲ. ಆದರೂ ಲಸ್ಸಾದ್‌ಗೆ ಎರಡನೇ ಸಲ ಕೇಳಲು ಮನಸ್ಸಾಗಲಿಲ್ಲ. ದಲಂದಾಗೆ ಕಣ್ಣು ತುಂಬಿತು. ತಮ್ಮ ಬೇಲಿ ಬರಿದಾದ ಮೇಲೆ ಈ ಜನ ಇನ್ನೊಬ್ಬರ ಹತ್ತಿರ ಬೇಡಿ ತಂದು ತನ್ನ ಬುಟ್ಟಿ ತುಂಬಿಸಿದ್ದರು.

ದಡಕ್ಕೆ ಬರುವಷ್ಟರಲ್ಲಿ ಲಸ್ಸಾದ್ ಮತ್ತೆ ಇಲಾಖೆಯವನಾಗಿದ್ದ. "ನಾಳೆ ಸಮಿತಿಗೆ ನಾನೇ ಹೇಳ್ತೀನಿ. ಮೂರು ವರ್ಷದ ಲೆಕ್ಕ ರದ್ದು. ಹೊಸದಾಗಿ ಆರು ತಿಂಗಳು ಎಣಿಸಿ, ತಿಂಗಳಿಗೆ ನಾಲ್ಕು ಸಲ. ನಮ್ಮವನೊಬ್ಬ ಜೊತೇಲಿರ್ತಾನೆ. ನಾಲ್ಕಕ್ಕಿಂತ ಕೆಳಗೆ ಬಂದ್ರೆ ಮೊದಲ ಸಹಿ ನಂದೇ."

"ಆರು ತಿಂಗಳು ಆ ದೋಣಿಗಳು?"

"ಅಲ್ಲೀತನಕ ತಡೆಯೋಕೆ ನನ್ನ ಕೈಲಿ ಕಾಗದ ಇಲ್ಲ."

"ಅಷ್ಟ್ರಲ್ಲಿ ಹುಲ್ಲು ಉಳಿದಿರಲ್ಲ ಲಸ್ಸಾದ್ ಅವ್ರೇ."

"ಗೊತ್ತು," ಅಂದ ಅವನು. ಅವನಿಗೂ ನೆಮ್ಮದಿಯಿರಲಿಲ್ಲ ಎಂಬುದು ದನಿಯಲ್ಲೇ ತಿಳಿಯುತ್ತಿತ್ತು. ತುರ್ಕಿಯಾ ಆ ಎರಡು ಮೀನನ್ನು ಕೆಂಡದ ಮೇಲೆ ಸುಟ್ಟು ಅವನ ಮುಂದೆ ಇಟ್ಟಳು. ಬೇಡವೆನ್ನುವ ಹಾಗಿರಲಿಲ್ಲ. ಯಾರ ಮುಖವನ್ನೂ ನೋಡದೆ, ಮುಳ್ಳಷ್ಟೇ ಉಳಿಯುವಂತೆ ಎರಡನ್ನೂ ತಿಂದು ಅವನು ಮಧ್ಯಾಹ್ನದ ಹಡಗು ಹತ್ತಿದ. ದಲಂದಾಗೆ ಒಳಗೆ ಅಡುಗೆಮನೆಯಲ್ಲಿ ನಿನ್ನೆಯ ನುಚ್ಚು ಸಿಕ್ಕಿತು.

ಹೊಸ ಎಣಿಕೆ ಏಪ್ರಿಲ್ ಮೊದಲ ವಾರ ಶುರುವಾಯಿತು. ಇಲಾಖೆಯಿಂದ ಬಂದವನು ಮಾತು ಕಡಿಮೆಯ ಮನುಷ್ಯ. ತಾನು ಒಂದು ವಾರದ ಹಿಂದೆಯೇ ಬಂದು ಊರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ, ಆದ್ದರಿಂದ ಅತಿಥಿಯಲ್ಲ ಎಂದು ದೋಣಿ ಹತ್ತಿದೊಡನೆ ಘೋಷಿಸಿದ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ದೂರದಲ್ಲಿ, ಬೇಲಿಗಳಾಚೆ, ತಳ ಬಾಚುವ ಮೂರು ದೋಣಿಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಅವುಗಳ ಹಿಂದೆ ನೀರು ಕೆಸರಾಗಿತ್ತು. ದಲಂದಾ ಅತ್ತ ನೋಡುವುದನ್ನು ಬಿಡಲಾರದೆ, ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು.

"ಎಷ್ಟು ಖಾಲಿ ಬೇಕಂತೆ ಅವರಿಗೆ?" ಖ್ಲೀಫಾ ಕೇಳಿದ.

"ಆರು ತಿಂಗಳು, ಇಪ್ಪತ್ತು ಬುಟ್ಟಿ, ತಿಂಗಳಿಗೆ ನಾಲ್ಕು ಸಲ."

"ಅದಕ್ಕೇನು ನಮ್ಮಲ್ಲಿ ಕೊರತೆ ಇಲ್ಲ."

ಅವನು ಗಳವನ್ನು ಒಳಗಿಟ್ಟು, ಬಗ್ಗಿ ಹಗ್ಗ ಎಳೆದ. ಮೊದಲನೇ ಬುಟ್ಟಿ ನೀರು ಸುರಿಸುತ್ತ ಮೇಲೆ ಬಂತು. ಅವನು ಮುಖ ಆಚೆ ತಿರುಗಿಸುತ್ತಾನೆಂದು ದಲಂದಾ ಕಾದಳು. ಅವನು ತಿರುಗಿಸಲಿಲ್ಲ. ಬುಟ್ಟಿಯನ್ನು ತಲೆಕೆಳಗು ಮಾಡಿ ಎರಡು ಸಲ ಕೊಡವಿದ. ಒಂದಿಷ್ಟು ಸತ್ತ ಹುಲ್ಲು ಹಲಗೆಯ ಮೇಲೆ ಬಿತ್ತು.

"ಸೊನ್ನೆ," ಅಂದ. ಪಕ್ಕದ ಬೇಲಿಯಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದವರೂ ತಲೆಯೆತ್ತಿ ನೋಡುವಷ್ಟು ದೊಡ್ಡ ದನಿಯಲ್ಲಿ ಅಂದ.

ದಲಂದಾಳ ಪೆನ್ನು ಹಾಳೆಯ ಮೇಲೆ ಅಲ್ಲಾಡಲಿಲ್ಲ.

"ಬಾಯಿ ಬಿಟ್ಕೊಂಡು ಏನ್ ನೋಡ್ತಿದೀಯ?" ಖ್ಲೀಫಾ ಗದರಿದ. "ಬರ್ಕೋ. ಇನ್ನೂ ಹತ್ತೊಂಬತ್ತಿವೆ."